ಟ್ರಾವಿಸ್ ಕೌಂಟಿ ಪ್ರಕರಣ: ಗೆದ್ದು ಬಂದ ಪ್ರಾಸಿಕ್ಯೂಟರನ್ನು ತೆಗೆಯುವುದು ಹೇಗೆ?

ನಮ್ಮಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರನ್ನು ರಾಜ್ಯ ಸರ್ಕಾರ ನೇಮಿಸುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಹಾಗಲ್ಲ. ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮುಖ್ಯ ಪ್ರಾಸಿಕ್ಯೂಟರ್, ಅಂದರೆ ಡಿಸ್ಟ್ರಿಕ್ಟ್ ಅಟಾರ್ನಿ, ಪಕ್ಷದ ಟಿಕೆಟ್ ಮೇಲೆ ನಿಂತು, ಓಟು ಪಡೆದು, ನಾಲ್ಕು ವರ್ಷಕ್ಕೆ ಬರುತ್ತಾರೆ. ರಾಜ್ಯದ ಚುನಾಯಿತ ಆಡಳಿತ ಮುಖ್ಯಸ್ಥರಾದ ಗವರ್ನರ್‌ಗೆ ಎಷ್ಟೇ ಸಿಟ್ಟು ಬಂದರೂ ಒಂದು ಆರ್ಡರ್ ಹೊರಡಿಸಿ ಅವರನ್ನು ಮನೆಗೆ ಕಳಿಸುವ ಹಾಗಿಲ್ಲ. ಇಷ್ಟು ತಲೆಯಲ್ಲಿ ಇಟ್ಟುಕೊಂಡು ಮುಂದೆ ಓದಿ.

2013ರ ಏಪ್ರಿಲ್. ಆಸ್ಟಿನ್ ನಗರವಿರುವ ಟ್ರಾವಿಸ್ ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿ ರೋಸ್‌ಮೇರಿ ಲೆಮ್‌ಬರ್ಗ್ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರು. ಕಾರಿನಲ್ಲಿ ತೆರೆದ ವೋಡ್ಕಾ ಬಾಟಲಿ. ರಕ್ತದಲ್ಲಿ ಆಲ್ಕೋಹಾಲ್ 0.239, ಕಾನೂನಿನ ಮಿತಿ 0.08. ಜೈಲಿನಲ್ಲಿ ಸಿಬ್ಬಂದಿ ಮೇಲೆ ಕೂಗಾಡಿದ್ದೂ ವಿಡಿಯೊದಲ್ಲಿ ದಾಖಲಾಯಿತು. ತಪ್ಪೊಪ್ಪಿಕೊಂಡರು, 45 ದಿನದ ಶಿಕ್ಷೆಯಾಯಿತು, ಸುಮಾರು ಅರ್ಧ ಅನುಭವಿಸಿ ಹೊರಬಂದರು. ರಾಜೀನಾಮೆ ಮಾತ್ರ ಕೊಡಲಿಲ್ಲ.

ಇಂಥವರನ್ನು ತೆಗೆಯಲು ದಾರಿಯೇ ಇಲ್ವಾ? ಇದೆ. ಟೆಕ್ಸಾಸ್‌ನ ಸ್ಥಳೀಯ ಸರ್ಕಾರ ಸಂಹಿತೆಯ 87ನೇ ಅಧ್ಯಾಯ ನೋಡಿ. ಅಸಮರ್ಥತೆ, ಹುದ್ದೆಯಲ್ಲಿ ದುರ್ನಡತೆ, ಕೆಲಸದ ಹೊತ್ತಿನಲ್ಲಾಗಲಿ ಹೊರಗಾಗಲಿ ಕುಡಿದಿರುವುದು, ಇವು ಮೂರೂ ಅಲ್ಲಿ ಕಾರಣಗಳು. ಕೌಂಟಿಯ ನಿವಾಸಿಯೊಬ್ಬರು ಅರ್ಜಿ ಹಾಕಬಹುದು, ತೀರ್ಮಾನ ಕೋರ್ಟಿನದು. ಲೆಮ್‌ಬರ್ಗ್ ಮೇಲೂ ಅರ್ಜಿ ಬಂತು. ಡಿಸೆಂಬರ್‌ನಲ್ಲಿ ವಿಚಾರಣೆ ನಡೆಯಿತು. ಅವರು ಹುದ್ದೆಯಲ್ಲಿ ಮುಂದುವರಿಯಬಹುದು ಎಂದು ನ್ಯಾಯಾಧೀಶರು ತೀರ್ಪಿತ್ತರು.

ಆದರೆ ಗವರ್ನರ್ ರಿಕ್ ಪೆರ್ರಿ ಅಷ್ಟು ದಿನ ಕಾಯಲಿಲ್ಲ. ಇಲ್ಲೇ ವಿಷಯ ಬಿಗಿಯಾಗುವುದು. ಆಸ್ಟಿನ್ ರಾಜಧಾನಿಯಾದ್ದರಿಂದ ರಾಜ್ಯದ ಅಧಿಕಾರಿಗಳ ಭ್ರಷ್ಟಾಚಾರ ತನಿಖೆ ಮಾಡುವ ಪಬ್ಲಿಕ್ ಇಂಟೆಗ್ರಿಟಿ ಯೂನಿಟ್ ಲೆಮ್‌ಬರ್ಗ್ ಕಚೇರಿಯ ಕೈಕೆಳಗೇ ಇತ್ತು. ಹಣ ರಾಜ್ಯದ್ದು. ಲೆಮ್‌ಬರ್ಗ್ ಇಳಿಯದಿದ್ದರೆ ಆ ಹಣಕ್ಕೆ ವೀಟೊ ಎಂದು ಪೆರ್ರಿ ಕಡೆಯಿಂದ ಬೆದರಿಕೆ ಬಂತು. ಅವರು ಇಳಿಯಲಿಲ್ಲ. ಜೂನ್‌ನಲ್ಲಿ ಎರಡು ವರ್ಷದ 75 ಲಕ್ಷ ಡಾಲರ್ ಅನುದಾನಕ್ಕೆ ಕತ್ತರಿ ಬಿತ್ತು.

ಡೆಮಾಕ್ರಟರ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಲೆಮ್‌ಬರ್ಗ್ ಡೆಮಾಕ್ರಟ್, ಪೆರ್ರಿ ರಿಪಬ್ಲಿಕನ್. ಆಕೆ ಕೆಳಗಿಳಿದರೆ ಖಾಲಿ ಕುರ್ಚಿಗೆ ಹೆಸರು ಹಾಕುವುದು ಗವರ್ನರೇ. ಆ ಹೊತ್ತಿಗೆ ಯೂನಿಟ್, ರಾಜ್ಯದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅನುದಾನ ಹಂಚಿದ ರೀತಿಯನ್ನೂ ತನಿಖೆ ಮಾಡುತ್ತಿತ್ತು. ಪೆರ್ರಿ ಕಡೆಯವರ ವಾದವೂ ತಳ್ಳಿಹಾಕುವಂಥದ್ದಲ್ಲ: ಕುಡಿದು ಓಡಿಸಿದವರ ಮೇಲೆ ಕೇಸು ನಡೆಸುವ ವ್ಯವಸ್ಥೆಯ ಮುಖ್ಯಸ್ಥೆಯೇ ಹೀಗಾದರೆ ಜನರ ನಂಬಿಕೆ ಏನಾಗಬೇಕು? ನನ್ನ ಮಟ್ಟಿಗೆ, ಆಕೆ ಮರ್ಯಾದೆಯಾಗಿ ಹೋಗಬೇಕಿತ್ತು. ಆದರೆ ಒಬ್ಬರನ್ನು ಇಳಿಸಲು ಇಡೀ ತನಿಖಾ ಘಟಕದ ಅನ್ನ ಕಿತ್ತುಕೊಳ್ಳುವುದು ಬೇರೆಯೇ ಆಟ, ಅಲ್ವಾ?

ಟೆಕ್ಸನ್ಸ್ ಫಾರ್ ಪಬ್ಲಿಕ್ ಜಸ್ಟಿಸ್ ಎಂಬ ಸಂಘಟನೆ ದೂರು ಕೊಟ್ಟಿತು. 2014ರ ಆಗಸ್ಟ್‌ನಲ್ಲಿ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಪೆರ್ರಿ ಮೇಲೆ ಎರಡು ಆರೋಪ ಹೊರಿಸಿತು. ಇವುಗಳನ್ನು ಕಲಸಬೇಡಿ. ಒಂದು ಅಧಿಕಾರ ದುರುಪಯೋಗ. ಅದು ಹಣ ತಡೆದ ಬಗ್ಗೆ, ಗರಿಷ್ಠ ಶಿಕ್ಷೆ 99 ವರ್ಷ. ಇನ್ನೊಂದು ಸಾರ್ವಜನಿಕ ನೌಕರರ ಮೇಲೆ ಒತ್ತಡ. ಅದು ಬೆದರಿಕೆಯ ಬಗ್ಗೆ. ಪೊಲೀಸ್ ಫೋಟೊಗೆ ನಗುತ್ತಾ ನಿಂತ ಪೆರ್ರಿ, ಆಮೇಲೆ ಐಸ್‌ಕ್ರೀಮ್ ತಿನ್ನಲು ಹೋದರು. ಪ್ರಚಾರ ಹೇಗೆ ಮಾಡಿಕೊಳ್ಳಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

2015ರ ಜುಲೈನಲ್ಲಿ ಮೇಲ್ಮನವಿ ಕೋರ್ಟು ಒತ್ತಡದ ಆರೋಪ ಕೈಬಿಟ್ಟಿತು. ಆ ಕಾನೂನು ವಾಕ್ ಸ್ವಾತಂತ್ರ್ಯಕ್ಕೆ ಅಡ್ಡಬರುವಷ್ಟು ಹರಡಿಕೊಂಡಿದೆ ಎಂಬುದು ಕಾರಣ. 2016ರ ಫೆಬ್ರವರಿಯಲ್ಲಿ ರಾಜ್ಯದ ಅತ್ಯುನ್ನತ ಕ್ರಿಮಿನಲ್ ಕೋರ್ಟು ಉಳಿದದ್ದನ್ನೂ ಮುಗಿಸಿತು. ವೀಟೊ ಸಂವಿಧಾನ ಗವರ್ನರ್‌ಗೆ ಕೊಟ್ಟ ಅಧಿಕಾರ, ಅದನ್ನು ಬಳಸಿದ್ದಕ್ಕೆ ಕ್ರಿಮಿನಲ್ ಕೇಸು ಹಾಕಿದರೆ ಅಧಿಕಾರ ವಿಭಜನೆಗೆ ಧಕ್ಕೆ ಎಂದಿತು. ಅಷ್ಟರಲ್ಲಿ ಪೆರ್ರಿ ಅಧ್ಯಕ್ಷೀಯ ಚುನಾವಣೆಯ ಕಣದಿಂದ ಹೊರಬಿದ್ದಾಗಿತ್ತು.

ಲೆಮ್‌ಬರ್ಗ್ ಅವಧಿ ಮುಗಿಸಿದರು, 2016ರಲ್ಲಿ ಮತ್ತೆ ನಿಲ್ಲಲಿಲ್ಲ. ಯೂನಿಟ್ ಮಾತ್ರ ಮೊದಲಿನಂತೆ ಉಳಿಯಲಿಲ್ಲ. 2015ರಲ್ಲೇ ಶಾಸನಸಭೆ ಅಂಥ ತನಿಖೆಗಳನ್ನು ರಾಜ್ಯ ಪೊಲೀಸರ ತನಿಖಾ ವಿಭಾಗವಾದ ಟೆಕ್ಸಾಸ್ ರೇಂಜರ್ಸ್‌ಗೆ ವಹಿಸಿ, ಕೇಸುಗಳನ್ನು ಆರೋಪಿಯ ಸ್ವಂತ ಕೌಂಟಿಗೆ ಕಳಿಸುವ ಕಾನೂನು ಮಾಡಿತ್ತು. 2023ರಲ್ಲಿ ಅದೇ 87ನೇ ಅಧ್ಯಾಯಕ್ಕೆ ತಿದ್ದುಪಡಿ ಬಂತು: ಒಂದು ಬಗೆಯ ಅಪರಾಧಗಳಿಗೆ ಕೇಸೇ ಹಾಕುವುದಿಲ್ಲ ಎಂಬ ನೀತಿ ಇಟ್ಟುಕೊಂಡ ಪ್ರಾಸಿಕ್ಯೂಟರನ್ನೂ ದುರ್ನಡತೆ ಎಂದು ತೆಗೆಯಲು ಅರ್ಜಿ ಹಾಕಬಹುದು. ಮರುವರ್ಷವೇ ಟ್ರಾವಿಸ್ ಕೌಂಟಿಯ ಈಗಿನ ಡಿಸ್ಟ್ರಿಕ್ಟ್ ಅಟಾರ್ನಿ ಹೋಸೆ ಗಾರ್ಸಾ ಮೇಲೆ ಅರ್ಜಿ ಬಿತ್ತು.