ಬಾಟಲಿಯಲ್ಲಿಟ್ಟ ಬೀಜ ಉಳಿದ ಹಾಗಲ್ಲ

ಬೀಜ ಪ್ರದರ್ಶನಕ್ಕೆ ಬಂದವರು ಮೊದಲು ನಿಲ್ಲುವುದು ಗಾಜಿನ ಬಾಟಲಿಗಳ ಮುಂದೆ. ಕಪ್ಪು, ಕೆಂಪು, ಚುಕ್ಕೆ ಚುಕ್ಕೆ ಬೀಜಗಳು. ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಅಂಥ ಸಾಲುಗಳನ್ನು ನಾನೂ ಎಷ್ಟೋ ಸಲ ಜೋಡಿಸಿದ್ದೇನೆ.

ಹೀಗೆ ಮೂರು ವರ್ಷ ಸುತ್ತಾಡಿದ ಅಲಸಂದೆ ಬೀಜವನ್ನು ಒಮ್ಮೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ನಾಲ್ಕನೇ ದಿನ ಬಿಚ್ಚಿದರೆ ಹುಳಿ ವಾಸನೆ. ಬೀಜ ಊದಿಕೊಂಡಿದ್ದವು, ಬೆರಳಲ್ಲಿ ಒತ್ತಿದರೆ ಲೋಳೆ. ಒಂದಕ್ಕೂ ಮೊಳಕೆ ಇಲ್ಲ. ಆ ತಳಿಯ ಬೀಜ ಕೊಟ್ಟಿದ್ದ ಅಜ್ಜಿ ವರ್ಷ ವರ್ಷ ಬಿತ್ತುತ್ತಲೇ ಇದ್ದರು. ಅದಕ್ಕೇ ತಳಿ ಉಳಿಯಿತು, ನನ್ನ ಬಾಟಲಿಯಿಂದಲ್ಲ.

ಬೀಜಕ್ಕೆ ಶತ್ರುಗಳು ಎರಡು, ಸೆಕೆ ಮತ್ತು ತೇವ. ಒಂದು ಅಂದಾಜು ಲೆಕ್ಕ ಇದೆ: ಬೀಜದ ತೇವ ಶೇ 1ರಷ್ಟು ಇಳಿದರೆ ಅದರ ಆಯಸ್ಸು ದುಪ್ಪಟ್ಟು. ಇಟ್ಟ ಜಾಗ 5 ಡಿಗ್ರಿ ತಂಪಾದರೆ ಮತ್ತೆ ದುಪ್ಪಟ್ಟು. ಬೀಜ ಒಣಗಿದೆಯೋ ಇಲ್ಲವೋ ತಿಳಿಯಲು ಯಂತ್ರವೇ ಬೇಕಿಲ್ಲ. ಒಣಗಿದ ಗಾಜಿನ ಬಾಟಲಿಗೆ ಬೀಜ, ಪುಡಿ ಉಪ್ಪು ಹಾಕಿ ಕುಲುಕಿ, ಸ್ವಲ್ಪ ಹೊತ್ತು ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ಇನ್ನೂ ಒಣಗಬೇಕು. ಸೂಕ್ಷ್ಮ ಅಳತೆಯಲ್ಲ, ನಿಜ. ಆದರೆ ಹಸಿ ಬೀಜ ಕಟ್ಟಿಡುವ ತಪ್ಪು ತಪ್ಪುತ್ತದೆ.

ಹಾಗಾದರೆ ಶೀತಲ ಉಗ್ರಾಣ ಸಾಕಲ್ವಾ? ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ 2008ರಿಂದ ಜಗತ್ತಿನ ಬೀಜಗಳನ್ನು ಮೈನಸ್ 18 ಡಿಗ್ರಿಯಲ್ಲಿ ಇಡುತ್ತಿದ್ದಾರೆ. ಅದು ಬೇಕೇ ಬೇಕು. ಸಿರಿಯಾದ ಯುದ್ಧದಲ್ಲಿ ಅಲೆಪ್ಪೊ ಬಳಿಯ ಬೀಜ ಬ್ಯಾಂಕ್ ಕೈತಪ್ಪಿದಾಗ, ಅಲ್ಲಿನ ವಿಜ್ಞಾನಿಗಳು 2015ರಲ್ಲಿ ಸ್ವಾಲ್‌ಬಾರ್ಡ್‌ನಿಂದಲೇ ತಮ್ಮ ಬೀಜ ವಾಪಸ್ ತರಿಸಿಕೊಂಡರು. ತಂದವರು ಮಾಡಿದ್ದೇನು? ಲೆಬನಾನ್, ಮೊರಾಕ್ಕೊದ ಹೊಲಗಳಲ್ಲಿ ಬಿತ್ತಿ ಬೆಳೆದರು. 2017ರಲ್ಲಿ ಹೊಸ ಬೀಜವನ್ನು ಮತ್ತೆ ಉಗ್ರಾಣಕ್ಕೆ ಕಳಿಸಿದರು. ಉಗ್ರಾಣದ ಬೀಜಕ್ಕೂ ಕೊನೆಗೆ ಮಣ್ಣೇ ಬೇಕು.

ಅದಕ್ಕೇ ಈಗ ನಾನು ಪ್ರದರ್ಶನವನ್ನು ಹೊಲದಲ್ಲೇ ಮಾಡುತ್ತೇನೆ. ಒಂದೇ ಬೆಳೆಯ ಇಪ್ಪತ್ತು, ಮೂವತ್ತು ತಳಿಗಳು, ಒಂದೊಂದಕ್ಕೆ ಒಂದೊಂದು ಸಣ್ಣ ತಾಕು. ತೆನೆ ಬಲಿಯುವ ಹೊತ್ತಿಗೆ ರೈತರನ್ನು ಕರೆದು ಕೈಗೆ ಬಣ್ಣದ ದಾರ ಕೊಡುತ್ತೇವೆ. ಇಷ್ಟವಾದ ತಾಕಿನ ಕೋಲಿಗೆ ಕಟ್ಟಿ, ಅಷ್ಟೇ. ನಾವು ಇಳುವರಿ ನೋಡಿ ಮೆಚ್ಚಿದ ತಳಿಗೆ ಒಮ್ಮೆ ಎರಡೇ ದಾರ ಬಿದ್ದಿದ್ದವು. ಹೆಂಗಸರೆಲ್ಲ ಒಂದು ಎತ್ತರದ ತಳಿಗೆ ಕಟ್ಟಿದ್ದರು. ಕೇಳಿದರೆ, ಬಗ್ಗದೆ ಕೊಯ್ಯಬಹುದು, ದನಗಳಿಗೆ ಮೇವೂ ಜಾಸ್ತಿ ಅಂದರು. ನಮ್ಮ ಪಟ್ಟಿಯಲ್ಲಿ ಬೆನ್ನುನೋವಿಗೆ ಕಾಲಮ್ಮೇ ಇರಲಿಲ್ಲ. ಈಗ ಇದೆ.

ಸಾಲುಗಳನ್ನು ಜೋಡಿಸುವಾಗ ಒಂದು ಎಚ್ಚರ ಬೇಕು. ಭತ್ತ ಬಹುತೇಕ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ, ತಳಿಗಳನ್ನು ಹತ್ತಿರ ಹತ್ತಿರ ಇಡಬಹುದು. ಮೆಕ್ಕೆಜೋಳ ಹಾಗಲ್ಲ. ಗಾಳಿಯಲ್ಲಿ ಪರಾಗ ಹಾರಿ ಒಂದೇ ಹಂಗಾಮಿನಲ್ಲಿ ಬೆರಕೆಯಾಗುತ್ತದೆ. ಅದನ್ನು ನೋಡಲು ಮಾತ್ರ ಬೆಳೆಯಿರಿ, ಬೀಜಕ್ಕೆ ದೂರದಲ್ಲಿ ಬೇರೆ ತಾಕು ಇರಲಿ. ಬೀಜವನ್ನೂ ನಾಲ್ಕು ಗಿಡದಿಂದ ಆಯ್ದರೆ ಸಾಲದು. ನೂರಾರು ಗಿಡಗಳಿಂದ ತೆಗೆದರೆ ಮಾತ್ರ ತಳಿಯೊಳಗಿನ ವೈವಿಧ್ಯ ಉಳಿಯುತ್ತದೆ.

ಬಾಟಲಿಗಳನ್ನು ಈಗಲೂ ಇಡುತ್ತೇನೆ, ಆದರೆ ಅವುಗಳ ಮೇಲೆ ‘ನೋಡಲು ಮಾತ್ರ’ ಎಂದು ಬರೆದಿರುತ್ತದೆ. ಪಕ್ಕದ ಬುಟ್ಟಿಯಲ್ಲಿ ಆ ವರ್ಷ ಬೆಳೆದ ಬೀಜದ ಪೊಟ್ಟಣಗಳು. ಒಯ್ದವರು ಪುಸ್ತಕದಲ್ಲಿ ಹೆಸರು ಬರೆಯಬೇಕು, ಬೆಳೆದ ಮೇಲೆ ಎರಡರಷ್ಟು ವಾಪಸ್ ಕೊಡಬೇಕು. ಕೊಯ್ಲು ಮುಗಿದ ವಾರ ಆ ಪುಸ್ತಕ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ. ನನ್ನ ಮೊದಲ ಪ್ರಶ್ನೆ ಒಂದೇ: ‘ಮೊಳಕೆ ಬಂತಾ?’