ಗಾಜಿನ ಆಚೆ ಅಮ್ಮ

ಮುಂಬೈಯ ಮಾಟುಂಗಾ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. 2017ರ ಡಿಸೆಂಬರ್ 26ರ ಸಂಜೆ. ಹಿಂದಿನ ದಿನ ಇಸ್ಲಾಮಾಬಾದಿನಲ್ಲಿ ತೆಗೆದ ದೃಶ್ಯವನ್ನೇ ಗೋಡೆಯ ಟಿವಿ ಮತ್ತೆ ಮತ್ತೆ ತೋರಿಸುತ್ತಿತ್ತು. ನಡುವೆ ದಪ್ಪ ಗಾಜು. ಒಂದು ಕಡೆ ಪಾಕಿಸ್ತಾನದ ಜೈಲಿನಲ್ಲಿದ್ದ ಕುಲಭೂಷಣ್ ಜಾಧವ್, ಇನ್ನೊಂದು ಕಡೆ ಅವರ ತಾಯಿ ಮತ್ತು ಹೆಂಡತಿ. ಮಾತೆಲ್ಲ ಇಂಟರ್‌ಕಾಮ್ ಮೂಲಕ. ಒಳಗೆ ಬಿಡುವ ಮೊದಲು ಮಂಗಳಸೂತ್ರ, ಬಳೆ, ಕುಂಕುಮ ತೆಗೆಸಿದ್ದರು. ತಾಯಿ ಮರಾಠಿಯಲ್ಲಿ ಮಾತಾಡಲು ಹೋದಾಗಲೆಲ್ಲ ನಡುವೆ ಬಾಯಿ ಹಾಕಿ ತಡೆದರು ಎಂದು ನಮ್ಮ ವಿದೇಶಾಂಗ ಇಲಾಖೆ ಅವತ್ತು ಹೇಳಿತ್ತು.

ಬಿಲ್ ತಂದ ಕುಂದಾಪುರದ ಹಿರಿಯ ಸಪ್ಲೈಯರ್ ಟಿವಿ ನೋಡುತ್ತಾ ಅಲ್ಲೇ ನಿಂತುಬಿಟ್ಟರು. "ಅಬ್ಬಿ ಹತ್ರ ಅವ್ರ್ ಭಾಷೆಯಂಗೆ ಮಾತಾಡುಕೂ ಬಿಡ್ಲಿಲ್ಯಾ?" ಅಂದರು. ಅಬ್ಬಿ ಅಂದರೆ ಅವರ ಕಡೆಯ ಮಾತಿನಲ್ಲಿ ಅಮ್ಮ.

ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ.

ಜಾಧವ್ ಈ ಊರಿನವರು. ಮನೆ ಪವಾಯಿಯಲ್ಲಿ. ತಂದೆ ಮುಂಬೈ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ಜಾಧವ್ ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದವರು. ಬಲೂಚಿಸ್ತಾನದಲ್ಲಿ ಹಿಡಿದೆವು, ಗೂಢಚಾರ ಎಂದು ಪಾಕಿಸ್ತಾನ ಹೇಳುತ್ತದೆ. ಇರಾನಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದವರನ್ನು ಹೊತ್ತೊಯ್ದಿದ್ದಾರೆ ಎಂದು ಭಾರತ ಹೇಳುತ್ತದೆ. ಅಲ್ಲಿನ ಸೇನಾ ನ್ಯಾಯಾಲಯ ಗಲ್ಲು ಶಿಕ್ಷೆ ಕೊಟ್ಟ ಸುದ್ದಿ ಹೊರಬಿದ್ದದ್ದು 2017ರ ಏಪ್ರಿಲ್ 10ರಂದು. ಯಾರು ಹೇಳುವುದು ನಿಜ ಎಂದು ತೀರ್ಮಾನಿಸಲು ನಾನು ಕೂತಿಲ್ಲ. ಪರದೇಶದಲ್ಲಿ ಗೂಢಚಾರ ಅನ್ನಿಸಿಕೊಂಡು ಜೈಲಿಗೆ ಬಿದ್ದ ಮನುಷ್ಯನನ್ನು ಯಾರು ಹೋಗಿ ನೋಡಬಹುದು? ಹೇಗೆ ನೋಡಬಹುದು? ನನಗೆ ಬೇಕಾದದ್ದು ಇಷ್ಟೇ.

ಇದಕ್ಕೆ ಅರ್ಧ ಉತ್ತರ 1963ರ ಏಪ್ರಿಲ್ 24ರಂದು ವಿಯೆನ್ನಾದಲ್ಲಿ ಆದ ಒಪ್ಪಂದದಲ್ಲಿದೆ. ಕಾನ್ಸುಲೇಟುಗಳು, ಅಂದರೆ ಪರದೇಶದಲ್ಲಿ ತನ್ನವರನ್ನು ನೋಡಿಕೊಳ್ಳಲು ಒಂದು ದೇಶ ಇಡುವ ಕಚೇರಿಗಳು, ಹೇಗೆ ಕೆಲಸ ಮಾಡಬೇಕು ಅನ್ನುವ ಒಪ್ಪಂದ ಅದು. ಅದರ 36ನೇ ವಿಧಿ ಹೀಗೆ ಹೇಳುತ್ತದೆ: ಬೇರೆ ದೇಶದವನನ್ನು ಹಿಡಿದರೆ, ನಿನ್ನ ದೇಶದ ಕಾನ್ಸುಲೇಟಿಗೆ ತಿಳಿಸಬೇಕೆಂದು ಕೇಳುವ ಹಕ್ಕು ನಿನಗಿದೆ ಎಂದು ಅವನಿಗೆ ಹೇಳಬೇಕು. ಅವನು ಕೇಳಿದರೆ ತಿಳಿಸಬೇಕು. ಆ ದೇಶದ ಅಧಿಕಾರಿ ಜೈಲಿಗೆ ಬಂದು ನೋಡಬಹುದು, ಮಾತಾಡಬಹುದು, ಪತ್ರ ಬರೆಯಬಹುದು, ವಕೀಲರನ್ನು ಗೊತ್ತುಮಾಡಬಹುದು. ಇದೆಲ್ಲ "ತಡಮಾಡದೆ" ಆಗಬೇಕು. ಕರಡಿನಲ್ಲಿ ಮೊದಲು "ಅನಗತ್ಯವಾಗಿ ತಡಮಾಡದೆ" ಅಂತ ಇತ್ತು. ಆ "ಅನಗತ್ಯವಾಗಿ" ಬೇಡ, ತೆಗೆಯಿರಿ ಎಂದು ಬ್ರಿಟನ್ ಸೂಚಿಸಿತು. ತೆಗೆದರು. ಅದು ಇದ್ದಿದ್ದರೆ, ನಮ್ಮ ತಡ ಅಗತ್ಯವಾದ ತಡ ಎಂದು ಯಾವ ದೇಶ ಬೇಕಾದರೂ ವಾದಿಸಬಹುದಿತ್ತು, ಅಲ್ವಾ?

ಈ ಹಕ್ಕು ದೇಶದ್ದೋ ಕೈದಿಯದ್ದೋ ಎಂಬ ಪ್ರಶ್ನೆಯೂ ಬಂದಿತ್ತು. ಅಮೆರಿಕದ ಅರಿಜೋನಾ ರಾಜ್ಯ 1999ರಲ್ಲಿ ಲಾಗ್ರಾಂಡ್ ಎಂಬ ಇಬ್ಬರು ಜರ್ಮನ್ ಅಣ್ಣತಮ್ಮಂದಿರಿಗೆ ಮರಣದಂಡನೆ ಜಾರಿ ಮಾಡಿತು. ಅವರಿಗೆ ಈ ಹಕ್ಕಿನ ಬಗ್ಗೆ ಸಕಾಲದಲ್ಲಿ ಯಾರೂ ಹೇಳಿರಲಿಲ್ಲ. ಇದು ಬಂಧಿತನ ಸ್ವಂತ ಹಕ್ಕೂ ಹೌದು ಎಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ 2001ರಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಇಬ್ಬರೂ ಇರಲಿಲ್ಲ.

ಜಾಧವ್ ವಿಷಯವನ್ನು ಭಾರತ ಇದೇ ಕೋರ್ಟಿಗೆ ಒಯ್ದಿತು. ಅಲ್ಲಿ ಪಾಕಿಸ್ತಾನದ ವಾದ ಬೇರೆ. ಗೂಢಚಾರರಿಗೆ ಈ ವಿಧಿ ಅನ್ವಯಿಸುವುದಿಲ್ಲ ಎಂದಿತು. ಕಾನ್ಸುಲರ್ ಸಂಪರ್ಕದ, ಅಂದರೆ ಕಾನ್ಸುಲೇಟಿನ ಅಧಿಕಾರಿ ಕೈದಿಯನ್ನು ಕಾಣುವುದರ ಬಗ್ಗೆ 2008ರಲ್ಲಿ ಎರಡೂ ದೇಶಗಳು ಮಾಡಿಕೊಂಡ ಒಪ್ಪಂದವನ್ನೂ ಮುಂದಿಟ್ಟಿತು. ಭದ್ರತೆಯ ಕಾರಣಕ್ಕೆ ಬಂಧಿಸಿದ್ದರೆ ಆಯಾ ಪ್ರಕರಣ ನೋಡಿ ತೀರ್ಮಾನಿಸಬಹುದು ಎಂಬ ಸಾಲು ಅದರಲ್ಲಿದೆ. 2019ರ ಜುಲೈ 17ರಂದು ತೀರ್ಪು ಬಂತು. 15 ನ್ಯಾಯಾಧೀಶರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. 36ನೇ ವಿಧಿಯಲ್ಲಿ ಬೇಹುಗಾರಿಕೆಗೆ ವಿನಾಯಿತಿ ಎಲ್ಲೂ ಇಲ್ಲ, 2008ರ ಒಪ್ಪಂದ ಅದನ್ನು ಕಡಿಮೆ ಮಾಡುವುದಿಲ್ಲ ಎಂದರು. ಭಾರತ ಕೇಳಿದ್ದೆಲ್ಲ ಸಿಗಲಿಲ್ಲ. ಶಿಕ್ಷೆ ರದ್ದು ಮಾಡಿ, ಬಿಡುಗಡೆ ಮಾಡಿ ಎಂದು ಕೇಳಿದ್ದಕ್ಕೆ ಕೋರ್ಟ್ ಒಪ್ಪಲಿಲ್ಲ. ಶಿಕ್ಷೆಯನ್ನು ಮರುಪರಿಶೀಲಿಸಿ, ತಡಮಾಡದೆ ಕಾನ್ಸುಲರ್ ಸಂಪರ್ಕ ಕೊಡಿ ಎಂದಿತು.

ತಡ ಅಂದರೆ ಎಷ್ಟು? ಪಾಕಿಸ್ತಾನವೇ ಹೇಳುವಂತೆ ಹಿಡಿದದ್ದು 2016ರ ಮಾರ್ಚ್ 3ರಂದು. ಭಾರತಕ್ಕೆ ತಿಳಿಸಿದ್ದು ಮಾರ್ಚ್ 25ಕ್ಕೆ. ತಪ್ಪೊಪ್ಪಿಗೆಯ ವಿಡಿಯೊ ಹೊರಬಂದದ್ದು ಮಾರ್ಚ್ 29ಕ್ಕೆ. ಭಾರತದ ಅಧಿಕಾರಿ ಕಾನ್ಸುಲರ್ ಸಂಪರ್ಕದಡಿ ಅವರನ್ನು ಮೊದಲ ಸಲ ಕಂಡದ್ದು 2019ರ ಸೆಪ್ಟೆಂಬರ್ 2ಕ್ಕೆ. ಹೆಚ್ಚುಕಡಿಮೆ ಮೂರೂವರೆ ವರ್ಷ.

ಮೊದಲ ದಿನಗಳು ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ವಿಜ್ಞಾನದಲ್ಲಿ ಒಳ್ಳೆಯ ಉತ್ತರ ಇದೆ. 2016ರಲ್ಲಿ ಅಮೆರಿಕದ ಸಂಶೋಧಕರು 88 ಜನರನ್ನು ಕರೆಸಿ ಕಂಪ್ಯೂಟರಿನಲ್ಲಿ ಕೆಲಸ ಮಾಡಿಸಿದರು. ಎಸ್ಕೇಪ್ ಕೀ ಒತ್ತಬೇಡಿ, ಮಾಹಿತಿ ಅಳಿಸಿಹೋಗುತ್ತದೆ ಎಂದು ಎಚ್ಚರಿಸಿದ್ದರು. ಆಮೇಲೆ ಅರ್ಧ ಜನರನ್ನು ರಾತ್ರಿಯಿಡೀ ಮಲಗಲು ಬಿಡಲಿಲ್ಲ. ಉಳಿದವರು ಚೆನ್ನಾಗಿ ನಿದ್ದೆ ಮಾಡಿದರು. ಬೆಳಿಗ್ಗೆ ಎಲ್ಲರ ಮುಂದೆ ಒಂದು ಹೇಳಿಕೆ ಇಟ್ಟರು. ನೀವು ಆ ಕೀ ಒತ್ತಿದ್ದೀರಿ, ಇಲ್ಲಿ ಸಹಿ ಹಾಕಿ ಎಂದು. ಯಾರೂ ಒತ್ತಿರಲಿಲ್ಲ. ನಿದ್ದೆ ಮಾಡಿದವರಲ್ಲಿ 18 ಶೇಕಡಾ ಜನ ಸಹಿ ಹಾಕಿದರು. ನಿದ್ದೆಗೆಟ್ಟವರಲ್ಲಿ 50 ಶೇಕಡಾ. ಒಂದೇ ರಾತ್ರಿಯ ನಿದ್ದೆ ಹೋಗಿದ್ದಕ್ಕೆ ಇಷ್ಟು. ಯಾರೂ ಹೊಡೆದಿರಲಿಲ್ಲ, ಬೆದರಿಸಿರಲಿಲ್ಲ.

ಜಾಧವ್ ಅವರಿಗೆ ಹೀಗೇ ಆಯಿತು ಎಂದು ನಾನು ಹೇಳುತ್ತಿಲ್ಲ. ಒಳಗೆ ಏನಾಯಿತು ಎಂದು ಹೊರಗಿನಿಂದ ಹೇಳಲು ಬರುವುದಿಲ್ಲ. ಅದಕ್ಕೇ ಹೊರಗಿನ ಒಬ್ಬ ಮನುಷ್ಯ ಬೇಗ ಒಳಗೆ ಹೋಗಬೇಕು. ನಿದ್ದೆ ಮಾಡಿದೆಯಾ, ಊಟ ಕೊಟ್ಟರಾ, ಮೈಮೇಲೆ ಏನಾದರೂ ಗಾಯ ಇದೆಯಾ ಎಂದು ಕೇಳಬೇಕು. ಕಳ್ಳತನದ ಕೇಸಿಗಿಂತ ಬೇಹುಗಾರಿಕೆಯ ಕೇಸಿಗೆ ಇದು ಜಾಸ್ತಿ ಬೇಕು. ಯಾಕೆಂದರೆ ಅಲ್ಲಿ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ತಪ್ಪೊಪ್ಪಿಗೆಯೇ ದೊಡ್ಡ ಸಾಕ್ಷಿ ಆಗಿಬಿಡುತ್ತದೆ. ನಮ್ಮ ಕರಾವಳಿಯ ಎಷ್ಟು ಮನೆಯ ಹುಡುಗರು ಮುಂಬೈಗೆ ಬಂದು ಹಡಗು ಹತ್ತಿದ್ದಾರೆ. ಗೊತ್ತಿಲ್ಲದ ಬಂದರಿನಲ್ಲಿ ಒಂದು ಫೋಟೊ ತೆಗೆದರೂ ಅನುಮಾನ ಬರಬಹುದು. ಅವರ ಕಿಸೆಯಲ್ಲಿ ಇರುವುದೂ ಇದೇ 36ನೇ ವಿಧಿ. ನಮ್ಮ ಜೈಲಿನಲ್ಲಿರುವ ಪಾಕಿಸ್ತಾನದವನಿಗೂ ಇದೇ. ಅವನಿಗೆ ನಾವು ಕೊಡದೆ ನಮ್ಮವರಿಗೆ ಕೇಳಲು ಆಗುವುದಿಲ್ಲ.

ಇದು ಅರ್ಧ ಉತ್ತರ ಅಂದೆ. ಇನ್ನರ್ಧ ಮನೆಯವರದು. 36ನೇ ವಿಧಿಯನ್ನು ಎಷ್ಟು ಸಲ ಓದಿದರೂ ಅದರಲ್ಲಿ ಅಮ್ಮ, ಹೆಂಡತಿ, ಮಕ್ಕಳು ಸಿಗುವುದಿಲ್ಲ. ಕುಟುಂಬದ ಮಾತು ಇರುವುದು ಬೇರೆ ಕಡೆ. ಬಂಧಿತರಿಗೆ ಮನೆಯವರ ಸಂಪರ್ಕವನ್ನು ಕೆಲವು ದಿನಗಳಿಗಿಂತ ಹೆಚ್ಚು ತಡೆಯಬಾರದು ಎಂದು ವಿಶ್ವಸಂಸ್ಥೆಯ ಮಹಾಸಭೆ 1988ರಲ್ಲಿ ಒಪ್ಪಿದ ತತ್ವಗಳು ಹೇಳುತ್ತವೆ. ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವ ವಿಶ್ವಸಂಸ್ಥೆಯ 2015ರ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 58ನೆಯದು ಪತ್ರ ಮತ್ತು ಭೇಟಿಯ ಬಗ್ಗೆ ಇದೆ. ಆದರೆ ಇವು ಒಪ್ಪಂದಗಳಲ್ಲ. ಉಲ್ಲಂಘಿಸಿದರೆ ಹೇಗ್ ನಗರಕ್ಕೆ ಎಳೆಯಲು ಬರುವುದಿಲ್ಲ. ಹಾಗಾಗಿ ಡಿಸೆಂಬರ್ 25ರ ಆ ಗಾಜಿನ ಭೇಟಿಯನ್ನು ಪಾಕಿಸ್ತಾನ ಮಾನವೀಯತೆಯಿಂದ ಕೊಟ್ಟದ್ದು ಎಂದು ಹೇಳಿಕೊಂಡಿತು. ಕೊಡುವವನ ದಯೆ ಅಂದಮೇಲೆ ಗಾಜೂ ಅವನದೇ, ಗಡಿಯಾರವೂ ಅವನದೇ. ಅವತ್ತಿನ ಭೇಟಿ ಸುಮಾರು 40 ನಿಮಿಷದ್ದು.

ವರ್ಸೋವಾದ ಇನ್ನೊಬ್ಬ ತಾಯಿಯ ಕಥೆ ಈ ಊರಿಗೆ ಗೊತ್ತು. ಮಗ 2012ರಲ್ಲಿ ಹುಡುಗಿಯೊಬ್ಬಳನ್ನು ನೋಡಲೆಂದು ಅಫ್ಘಾನಿಸ್ತಾನದ ಮೂಲಕ ಪಾಕಿಸ್ತಾನಕ್ಕೆ ಹೋಗಿ ಸಿಕ್ಕಿಬಿದ್ದ. ಅವನು ಸೇನೆಯ ವಶದಲ್ಲಿದ್ದಾನೆ ಎಂದು ಪೇಶಾವರದ ಹೈಕೋರ್ಟಿಗೆ ಉತ್ತರ ಬಂದದ್ದು 2016ರ ಜನವರಿಯಲ್ಲಿ. ಸೇನಾ ನ್ಯಾಯಾಲಯ ಅವನಿಗೆ ಮೂರು ವರ್ಷ ಶಿಕ್ಷೆ ಕೊಟ್ಟಿತ್ತು. 2018ರ ಡಿಸೆಂಬರ್ 18ರಂದು ವಾಘಾ ಗಡಿಯಲ್ಲಿ ತಾಯಿ ಅವನನ್ನು ಅಪ್ಪಿಕೊಂಡರು. ಮಗ ಎಲ್ಲಿದ್ದಾನೆ ಅನ್ನುವುದೇ ತಿಳಿಯದೆ ಮೂರು ವರ್ಷ ಕಳೆಯುವುದು ಅಂದರೆ ಏನು ಎಂದು ಊಹಿಸಿಕೊಳ್ಳಿ.

ಮನೆಯವರ ಮುಖ ಕಾಣುವುದು ಸುಮ್ನೆ ಮನಸ್ಸಿನ ಸಮಾಧಾನಕ್ಕೆ, ಅದೊಂದು ಸೌಕರ್ಯ ಅಷ್ಟೇ ಎಂದು ಹಲವರು ತಿಳಿದಿದ್ದಾರೆ. ದೇಹ ಹಾಗೆ ತಿಳಿದಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 40 ಜನರನ್ನು ಒಂದು ದಿನ 10 ಗಂಟೆ ಉಪವಾಸ ಇಟ್ಟರು. ಇನ್ನೊಂದು ದಿನ 10 ಗಂಟೆ ಒಂಟಿಯಾಗಿ ಇಟ್ಟರು. ಫೋನ್ ಇಲ್ಲ, ಜನ ಇಲ್ಲ. ಆಮೇಲೆ ಮಿದುಳಿನ ಸ್ಕ್ಯಾನ್ ಮಾಡುತ್ತಾ ಚಿತ್ರಗಳನ್ನು ತೋರಿಸಿದರು. ಹಸಿದವರು ಊಟದ ಚಿತ್ರ ಕಂಡಾಗ ಮಿದುಳಿನ ನಡುಭಾಗ ಹೇಗೆ ಚುರುಕಾಯಿತೋ, ಒಂಟಿಯಾಗಿದ್ದವರು ಜನ ಕೂಡಿ ನಗುವ ಚಿತ್ರ ಕಂಡಾಗಲೂ ಹಾಗೇ ಆಯಿತು. 2020ರಲ್ಲಿ ಇದು ಪ್ರಕಟವಾಯಿತು. ಜನಕ್ಕಾಗಿ ಹಸಿವು ಅನ್ನುವುದು ಕವಿಯ ಮಾತಲ್ಲ ಎಂದು ಅದನ್ನು ಓದಿದ ಮೇಲೆ ನನಗೆ ಅನ್ನಿಸಿತು. ಆರ್ಥರ್ ರೋಡ್ ಜೈಲಿನ ಮುಂದೆ ಬಸ್ಸಿನಲ್ಲಿ ಹೋಗುವಾಗ, ಮುಲಾಕಾತ್‌ಗೆಂದು ಚೀಲ ಹಿಡಿದು ಬಿಸಿಲಲ್ಲಿ ನಿಂತ ಹೆಂಗಸರು ಕಾಣುತ್ತಾರೆ. ಅವರು ತಂದಿರುವುದು ಬರೀ ಬಟ್ಟೆ, ಬಿಸ್ಕತ್ತು ಅಲ್ಲ.

ಮುಟ್ಟುವುದರ ಶಕ್ತಿಯನ್ನೂ ಅಳೆದಿದ್ದಾರೆ. 2006ರ ಒಂದು ಅಧ್ಯಯನದಲ್ಲಿ 16 ಮದುವೆಯಾದ ಹೆಂಗಸರಿಗೆ, ಈಗ ಕಾಲಿಗೆ ಸಣ್ಣ ಶಾಕ್ ಬರಬಹುದು ಎಂದು ಹೇಳಿ ಮಿದುಳನ್ನು ನೋಡಿದರು. ಒಂಟಿಯಾಗಿದ್ದಾಗ ಮಿದುಳು ಭಯಕ್ಕೆ ಜೋರಾಗಿ ಸ್ಪಂದಿಸಿತು. ಗುರುತಿಲ್ಲದವರು ಕೈ ಹಿಡಿದಾಗ ಸ್ವಲ್ಪ ತಗ್ಗಿತು. ಗಂಡ ಕೈ ಹಿಡಿದಾಗ ಜಾಸ್ತಿ ತಗ್ಗಿತು. ಗಾಜು ಹಾಕಿದರೆ ಇದಿಷ್ಟೂ ಹೋಯಿತು.

ಗಾಜಿದ್ದರೂ ದನಿ ಉಳಿಯುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 7ರಿಂದ 12 ವರ್ಷದ 61 ಹುಡುಗಿಯರಿಗೆ ಅಪರಿಚಿತರ ಮುಂದೆ ಭಾಷಣ ಮಾಡಿಸಿ, ಲೆಕ್ಕ ಬಿಡಿಸಿ ಒತ್ತಡ ತಂದರು. ಆಮೇಲೆ ಕೆಲವರನ್ನು ಅಮ್ಮ ಬಂದು ತಬ್ಬಿಕೊಂಡಳು. ಕೆಲವರಿಗೆ ಅಮ್ಮನ ಫೋನ್ ಮಾತ್ರ ಬಂತು. ಇಬ್ಬರಲ್ಲೂ ಒತ್ತಡದ ಹಾರ್ಮೋನು ಇಳಿಯಿತು. ಅಕ್ಕರೆಯ ಹಾರ್ಮೋನು ಅನ್ನುವ ಆಕ್ಸಿಟೋಸಿನ್ ಫೋನಿನಲ್ಲೂ ಅಪ್ಪುಗೆಯಷ್ಟೇ ಏರಿತು. 2012ರಲ್ಲಿ ಅವರೇ ಇನ್ನೊಂದು ಪ್ರಯೋಗದಲ್ಲಿ ಅಮ್ಮಂದಿರಿಂದ ಕಂಪ್ಯೂಟರಿನಲ್ಲಿ ಸಂದೇಶ ಬರೆಸಿ ಕಳಿಸಿದರು. ಆ ಫಲ ಸಿಗಲಿಲ್ಲ. ಅಕ್ಷರಕ್ಕಿಂತ ದನಿ ಬೇಕಾಗಿತ್ತು. ಇವು ಮಕ್ಕಳ ಮೇಲೆ ಮಾಡಿದ ಪ್ರಯೋಗಗಳು, ದೊಡ್ಡವರಿಗೆ ಹಾಗೇ ಅನ್ವಯಿಸಲು ಬಾರದು. ಆದರೂ ಆ ಇಂಟರ್‌ಕಾಮ್ ಎಷ್ಟು ದೊಡ್ಡ ವಸ್ತು ಎಂದು ಇದರಿಂದ ಗೊತ್ತಾಗುತ್ತದೆ. ಗಾಜು ಬೇಕೇ ಬೇಕು ಅನ್ನುವ ಕಡೆ ಉಳಿಯುವುದು ಅದೊಂದೇ. ಅದರಲ್ಲಿ ಅಮ್ಮನ ಮಾತು ಬರಬೇಕು.

ಇಲ್ಲಿ ಆ ಸಪ್ಲೈಯರ್ ಕೇಳಿದ ಮಾತಿಗೆ ಮತ್ತೆ ಬರುತ್ತೇನೆ. ಕೆಲವು ವರ್ಷದ ಹಿಂದೆ ನನ್ನ ಅಪ್ಪ ಇಲ್ಲಿನ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದರು. ಭೇಟಿಗೆ ಐದು ನಿಮಿಷ. ನಾನು ಕನ್ನಡದಲ್ಲಿ ಶುರು ಮಾಡಿದೆ. ಹಿಂದಿಯಲ್ಲಿ ಮಾತಾಡಿ, ನಮಗೂ ಅರ್ಥ ಆಗಬೇಕು ಎಂದು ಪಕ್ಕದಲ್ಲಿದ್ದವರು ಗದರಿದರು. ಗಾಬರಿಯಲ್ಲಿ "ಕೈಸೇ ಹೋ ಪಪ್ಪಾ" ಅಂದೆ. ಹುಟ್ಟಿದಾಗಿನಿಂದ ಅವರ ಜೊತೆ ನಾನು ಹಿಂದಿಯಲ್ಲಿ ಮಾತಾಡಿರಲಿಲ್ಲ. ಅಪ್ಪ ಯಾರೋ ಅಪರಿಚಿತರನ್ನು ನೋಡುವಂತೆ ನನ್ನನ್ನು ನೋಡಿದರು. ಉಳಿದ ನಾಲ್ಕು ನಿಮಿಷ ನಾವು ಮಾತೇ ಆಡಲಿಲ್ಲ.

ಇದಕ್ಕೂ ಅಳತೆ ಇದೆ. ಭಾವನೆ ಕಲಕಿದಾಗ ಬೆರಳತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಬೆವರು ಬರುತ್ತದೆ. ಆಗ ಚರ್ಮದಲ್ಲಿ ವಿದ್ಯುತ್ ಸ್ವಲ್ಪ ಸಲೀಸಾಗಿ ಹರಿಯುತ್ತದೆ. ಅದನ್ನು ಯಂತ್ರ ಹಿಡಿಯುತ್ತದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಟರ್ಕಿಶ್ ಮನೆಮಾತಿನ, ಆಮೇಲೆ ಇಂಗ್ಲಿಷ್ ಕಲಿತ 32 ಜನರಿಗೆ ಎರಡೂ ಭಾಷೆಯ ಮಾತು ಕೇಳಿಸಿದರು. ಚಿಕ್ಕಂದಿನಲ್ಲಿ ದೊಡ್ಡವರು ಗದರುವ ಮಾತುಗಳೂ ಅದರಲ್ಲಿದ್ದವು. ಅರ್ಥ ಎರಡು ಭಾಷೆಯಲ್ಲೂ ಒಂದೇ. ಆದರೆ ಟರ್ಕಿಶ್‌ನಲ್ಲಿ ಗದರಿದಾಗ ಮೈ ಬೇರೆಯೇ ರೀತಿ ಸ್ಪಂದಿಸಿತು. ಮುಂಬೈ ಕನ್ನಡಿಗರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ದಿನವಿಡೀ ಮೂರು ಭಾಷೆಯಲ್ಲಿ ವ್ಯವಹಾರ ಮಾಡಿ, ರಾತ್ರಿ ಊರಿಗೆ ಫೋನ್ ಹಚ್ಚಿದಾಗ "ಉಂಡ್ಯಾ?" ಅನ್ನುವ ಒಂದೇ ಮಾತಿಗೆ ಮೈಯ ಬಿಗಿ ಇಳಿಯುವುದು ನಮಗೆ ಗೊತ್ತು.

ಹಾಗಾಗಿ ಅವತ್ತಿನ ಭೇಟಿಯಲ್ಲಿ ನನಗೆ ಹೆಚ್ಚು ನೋವು ಕೊಟ್ಟದ್ದು ಗಾಜಲ್ಲ. ಕಾವಲಿನವರಿಗೆ ಭಯ ಇರುತ್ತದೆ, ಒಪ್ಪುತ್ತೇನೆ. ಗೊತ್ತಿಲ್ಲದ ಭಾಷೆಯಲ್ಲಿ ಗುಟ್ಟು ದಾಟಿಹೋದೀತು ಎಂಬ ಭಯ. ಅದಕ್ಕೆ ಭಾಷೆಯನ್ನೇ ನಿಲ್ಲಿಸಬೇಕಾಗಿಲ್ಲ. 2019ರ ಸೆಪ್ಟೆಂಬರ್ 2ರಂದು ಭಾರತದ ಅಧಿಕಾರಿ ಜಾಧವ್ ಅವರನ್ನು ಎರಡು ಗಂಟೆ ಕಂಡರಲ್ಲ, ಅವತ್ತು ಭಾರತ ಕೇಳಿಕೊಂಡಂತೆ ಭಾಷೆಗೆ ಯಾವ ನಿರ್ಬಂಧವೂ ಇರಲಿಲ್ಲ, ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದ್ದೇವೆ ಎಂದು ಪಾಕಿಸ್ತಾನವೇ ಹೇಳಿತು. ಅಂದರೆ ದಾರಿ ಇತ್ತು. ರೆಕಾರ್ಡ್ ಮಾಡಿಕೊಂಡು ಆಮೇಲೆ ಅನುವಾದ ಮಾಡಿಸಬಹುದು. ಇಲ್ಲವೇ ಮರಾಠಿ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಬಹುದು. ಅದಕ್ಕೆ ದೂರ ಹುಡುಕಬೇಕಾಗಿಯೂ ಇರಲಿಲ್ಲ. ಮನೆಯಲ್ಲಿ ಮರಾಠಿ ಆಡುವ ಕುಟುಂಬಗಳು ಕರಾಚಿಯಲ್ಲೇ ಇವೆ.