ಕಮೋಡ್ ಎಷ್ಟು ದೂರ ಸರಿಸಬಹುದು? ಚಿಕ್ಕ ಫ್ಲ್ಯಾಟ್ ರಿನೋವೇಶನ್ ಟಿಪ್ಪಣಿ

ಇಂಟೀರಿಯರ್ ಕಲಿಯುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನ ಸಾಮಾನ್ಯ 2 ಬಿಎಚ್‌ಕೆ ಫ್ಲ್ಯಾಟ್ ತಲೆಯಲ್ಲಿಟ್ಟುಕೊಳ್ಳಿ. ಪಿಲ್ಲರ್-ಬೀಮ್ ಕಟ್ಟಡ, 5 ಅಡಿ × 8 ಅಡಿ ಬಾತ್‌ರೂಮ್, ಅಡುಗೆಮನೆ, ಅದರ ಹಿಂದೆ ಯುಟಿಲಿಟಿ (ಪಾತ್ರೆ, ಬಟ್ಟೆ ತೊಳೆಯುವ ಜಾಗ). ಪ್ಲ್ಯಾನ್ ಮೇಲೆ ಏನೇ ಬದಲಾಯಿಸುವ ಮೊದಲು ಡಕ್ಟ್‌ನಲ್ಲಿ ಕೆಳಗಿಳಿಯುವ ಪೈಪುಗಳು ಎಲ್ಲಿವೆ ಅಂತ ಗುರುತು ಹಾಕಿ. ನಲ್ಲಿಗೆ ಬರುವ ನೀರಿಗೆ ಒತ್ತಡ ಇರುತ್ತದೆ, ಗೋಡೆ ಹತ್ತಿಯಾದರೂ ಬರುತ್ತದೆ. ಹೊರಗೆ ಹೋಗುವ ನೀರಿಗೆ ವಾಟ, ಅಂದರೆ ಇಳಿಜಾರು, ಬಿಟ್ಟರೆ ಬೇರೆ ಗತಿ ಇಲ್ಲ.

ಸಂಕನ್ ಸ್ಲ್ಯಾಬ್ ಲೆಕ್ಕ

ನನ್ನ ತಲೆಗೆ ತಡವಾಗಿ ಹತ್ತಿದ್ದು ಇದೇ, ಹಾಗಾಗಿ ನಿಧಾನವಾಗಿ ಬರೆಯುತ್ತೇನೆ. ಬಾತ್‌ರೂಮ್‌ನ ಸ್ಲ್ಯಾಬನ್ನು ಬೇರೆ ಕೋಣೆಗಳಿಗಿಂತ ಕೆಳಗೆ ಹಾಕಿರುತ್ತಾರೆ, ಇದೇ ಸಂಕನ್ ಸ್ಲ್ಯಾಬ್. ಆ ಗುಂಡಿಯಲ್ಲಿ ಪೈಪು ಹಾಯುತ್ತದೆ. ಕಮೋಡಿನ ಪೈಪು 110 ಮಿ.ಮೀ. ಅದಕ್ಕೆ 1:40 ವಾಟ ಕೊಡಬೇಕು ಅಂದುಕೊಳ್ಳಿ. ಅಂದರೆ ಒಂದು ಮೀಟರ್ ಉದ್ದಕ್ಕೆ 25 ಮಿ.ಮೀ. ಇಳಿಬೇಕು. ಗುಂಡಿ 300 ಮಿ.ಮೀ. ಆಳ ಇದೆ, 300ನ್ನು 25ರಿಂದ ಭಾಗಿಸಿದರೆ 12 ಮೀಟರ್, ಹಾಗಾದರೆ ಕಮೋಡನ್ನು ಮನೆಯ ಯಾವ ಮೂಲೆಗೆ ಬೇಕಾದರೂ ಒಯ್ಯಬಹುದಲ್ವಾ?

ಇಲ್ಲ. ಆ 300ರಲ್ಲಿ ವಾಟಕ್ಕೆ ಸಿಗುವುದು ತೀರಾ ಸ್ವಲ್ಪ. ಮೇಲಿನಿಂದ ಟೈಲ್ಸ್ ಮತ್ತು ಗಾರೆಗೆ ಸುಮಾರು 50 ತೆಗೆಯಿರಿ, ಉಳಿದದ್ದು 250. ಕೆಳಗೆ ವಾಟರ್‌ಪ್ರೂಫಿಂಗ್, ಅದರ ಮೇಲೆ ಕಾಪಾಡಲು ಹಾಕುವ ಗಾರೆ, ಇವೆರಡಕ್ಕೆ 30. ಉಳಿದದ್ದು 220. ಪೈಪಿನ ದಪ್ಪವೇ 110, ಅದೂ ಹೋದರೆ ಇನ್ನು 110. ನೆಲಕ್ಕೆ ಕೂರುವ ಎಸ್-ಟ್ರ್ಯಾಪ್ ಕಮೋಡ್ ಆದರೆ ಅದರ ಬಾಯಿ ನೇರ ಕೆಳಗೆ ಬರುತ್ತದೆ, ಅಲ್ಲಿಂದ ಅಡ್ಡಕ್ಕೆ ತಿರುಗಿಸುವ ಬೆಂಡ್ ಪೈಪಿನ ಮೇಲೆ ಇನ್ನೊಂದು 60 ತಿನ್ನುತ್ತದೆ. ಕೊನೆಗೆ ಕೈಗೆ ಸಿಕ್ಕಿದ್ದು 50 ಮಿ.ಮೀ. ಅದನ್ನು 25ರಿಂದ ಭಾಗಿಸಿ: 2 ಮೀಟರ್!

ಅಂದರೆ ಡಕ್ಟಿನಿಂದ 12 ಮೀಟರ್ ದೂರ ಅನಿಸಿದ್ದು 2 ಮೀಟರಿಗೆ ಬಂತು. ಗುಂಡಿ 200 ಮಿ.ಮೀ. ಮಾತ್ರ ಇದ್ದರೆ ಇದೇ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಗಾರೆ, ಬೆಂಡ್‌ಗಳ ಅಂಕಿ ಮನೆಯಿಂದ ಮನೆಗೆ ಬದಲಾಗುತ್ತವೆ. ಆದರೆ ಕಳೆಯುವ ಕ್ರಮ ಬದಲಾಗುವುದಿಲ್ಲ: ಮೊದಲು ಮೇಲಿನದು, ಆಮೇಲೆ ಕೆಳಗಿನದು, ಪೈಪು, ಬೆಂಡ್, ಉಳಿದದ್ದಷ್ಟೇ ವಾಟಕ್ಕೆ. ಒಂದು ಸಲ ಪೆನ್ಸಿಲ್ ಹಿಡಿದು ನೀವೇ ಮಾಡಿ ನೋಡಿ.

ಹಾಗಾದರೆ ನೆಲವನ್ನೇ ಒಂದು ಮೆಟ್ಟಿಲು ಎತ್ತರಿಸಿದರೆ? ತೂಕ ನೋಡಿ. ಇಟ್ಟಿಗೆ ಚೂರು, ಗಾರೆ ಸೇರಿಸಿ 100 ಮಿ.ಮೀ. ತುಂಬಿದರೆ ಪ್ರತಿ ಚದರ ಮೀಟರಿಗೆ 180 ಕೆ.ಜಿ. ಆಸುಪಾಸು ಆಗುತ್ತದೆ. ಕಟ್ಟಡದ ಭಾರಗಳ ಭಾರತೀಯ ಮಾನದಂಡ ಐಎಸ್ 875ರಲ್ಲಿ ವಾಸದ ಮನೆಯ ಕೋಣೆಗಳಿಗೆ ಹಿಡಿಯುವ ಲೈವ್ ಲೋಡ್ (ಜನ, ಸಾಮಾನಿನ ಭಾರ) ಪ್ರತಿ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಜನ, ಸಾಮಾನು ಬರುವ ಮೊದಲೇ ಹತ್ತಿರ ಹತ್ತಿರ ಅಷ್ಟನ್ನೂ ಬರೀ ಭರ್ತಿಯೇ ತಿಂದಿರುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪದೆ ಇದಕ್ಕೆ ಕೈ ಹಾಕಲೇಬೇಡಿ.

ನನಗೆ ತುಂಬಾ ಇಷ್ಟವಾದ ದಾರಿ ಗೋಡೆಗೆ ಕೂರಿಸುವ ಕಮೋಡ್. ಅದರ ಬಾಯಿ ನೆಲದಿಂದ ಸುಮಾರು 220 ಮಿ.ಮೀ. ಮೇಲೆ, ಹಿಂದಕ್ಕೆ ತೆರೆದಿರುತ್ತದೆ. ಗೋಡೆಯುದ್ದಕ್ಕೂ ಒಂದು ಸಣ್ಣ ಕಟ್ಟೆ ಕಟ್ಟಿ ಅದರೊಳಗೆ ಪೈಪು ಓಡಿಸಿದರೆ ಗುಂಡಿ ಒಡೆಯುವ ಕೆಲಸವೇ ಬಹಳಷ್ಟು ತಪ್ಪುತ್ತದೆ. ಕಟ್ಟೆ ಮೇಲೆ ಸೋಪು, ಶಾಂಪೂ ಇಡಬಹುದು.

ಸಿಂಕ್: ಬಾಗಿಲು ಅಡ್ಡ ಬರುತ್ತದಾ?

ಅಡುಗೆಮನೆ ಇದಕ್ಕಿಂತ ಸುಲಭ. ಕಟ್ಟೆ 850 ಮಿ.ಮೀ. ಎತ್ತರ, ಸಿಂಕಿನ ಪೈಪು ಗೋಡೆಯಲ್ಲಿ ನೆಲದಿಂದ 450ರ ಹತ್ತಿರ ಸೇರುತ್ತದೆ. ಮೂರು ಮೀಟರ್ ದೂರ ಸರಿಸಿದರೂ 1:40ರಲ್ಲಿ 75 ಮಿ.ಮೀ. ಇಳಿದರೆ ಸಾಕು, ಕಪಾಟಿನ ಹಿಂದೆ ಆರಾಮಾಗಿ ಹೋಗುತ್ತದೆ. ಆದರೆ ದಾರಿಯಲ್ಲಿ ಬಾಗಿಲು ಬಂದರೆ ಮುಗಿಯಿತು. ಪೈಪು ಹೊಸ್ತಿಲಿನ ಮೇಲೆ ಹಾಯುವಂತಿಲ್ಲ, ಇಲ್ಲಿ ನೆಲದಡಿ ಗುಂಡಿಯೂ ಇಲ್ಲ. ಅದಕ್ಕೇ ನನ್ನ ಅಡ್ಡದಾರಿ ಹೀಗಿದೆ: ಹೊಸ ಸಿಂಕಿನಿಂದ ಡಕ್ಟ್‌ವರೆಗೆ ಗೋಡೆ ಹಿಡಿದು ಬೆರಳಾಡಿಸಿ. ಬಾಗಿಲು ಸಿಕ್ಕರೆ ಗೋಡೆಯ ಇನ್ನೊಂದು ಬದಿಯಿಂದ ಸುತ್ತಿ ನೋಡಿ. ಅಲ್ಲೂ ಸಿಕ್ಕರೆ ಸಿಂಕ್ ಇದ್ದಲ್ಲೇ ಇರಲಿ, ಒಲೆಯನ್ನು ಸರಿಸಿ. ಯುಟಿಲಿಟಿ ಬಾಗಿಲು ಇರುವ ಫ್ಲ್ಯಾಟುಗಳಲ್ಲಿ ಈ ಪರೀಕ್ಷೆ ತುಂಬಾ ಪ್ಲ್ಯಾನುಗಳನ್ನು ಅಲ್ಲೇ ನಿಲ್ಲಿಸುತ್ತದೆ.

ದೂರ ಜಾಸ್ತಿಯಾದಷ್ಟೂ ಜಿಡ್ಡು ತಣ್ಣಗಾಗಿ ಒಳಗೆ ಮೆತ್ತಿಕೊಳ್ಳುತ್ತದೆ. 50 ಮಿ.ಮೀ. ಪೈಪು ಹಾಕಿ, 90 ಡಿಗ್ರಿ ತಿರುವಿನ ಬದಲು ಎರಡು 45 ಡಿಗ್ರಿ ಬೆಂಡ್ ಹಾಕಿ, ತೆರೆದು ಚೊಕ್ಕ ಮಾಡಲು ಒಂದು ಬಾಯಿ ಬಿಡಿ.

ಉಳಿದದ್ದು

ಅಡುಗೆಮನೆಯಲ್ಲಿ ಎದುರುಬದುರು ಕಟ್ಟೆ ಇದ್ದರೆ ನಡುವೆ ಕನಿಷ್ಠ 900 ಮಿ.ಮೀ. ಜಾಗ. ಕಮೋಡಿನ ನಡುಗೆರೆಯಿಂದ ಪಕ್ಕದ ಗೋಡೆಗೆ 380, ಮುಂದೆ 600. ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆ, ಸ್ಲ್ಯಾಬ್ ಎರಡನ್ನೂ ಕಾಂಕ್ರೀಟಿನಲ್ಲಿ ಎರೆಯುವ ಇತ್ತೀಚಿನ ಅಲ್ಯೂಮಿನಿಯಂ ಫಾರ್ಮ್‌ವರ್ಕ್ ಕಟ್ಟಡಗಳಲ್ಲಿ ಒಳಗೋಡೆಗಳೂ ಕಾಂಕ್ರೀಟಿನವು, ಭಾರ ಹೊರುವುದೇ ಅವು. ಅಲ್ಲಿ ಗೋಡೆ ತೆಗೆಯುವ ಮಾತೇ ಬೇಡ, ಪೈಪಿಗಾಗಿ ಗೋಡೆ ಕೊರೆಯುವುದಕ್ಕೂ ಎಂಜಿನಿಯರ್ ಒಪ್ಪಿಗೆ ಬೇಕು.

ಒದ್ದೆ ಜಾಗವನ್ನು ಕೆಳಗಿನ ಮನೆಯವರ ಮಲಗುವ ಕೋಣೆಯ ಮೇಲೆ ಒಯ್ಯಬೇಡಿ. ಇದ್ದ ಜಾಗದಲ್ಲೇ ಕೆಲಸ ಮಾಡಿದರೂ, ವಾಟರ್‌ಪ್ರೂಫಿಂಗ್ ಮುಗಿದ ಮೇಲೆ ಪೈಪಿನ ಬಾಯಿ ಮುಚ್ಚಿ, ನೀರು ಕಟ್ಟಿ ಎರಡು ದಿನ ಬಿಡಿ. ನೀರಿನ ಮಟ್ಟವನ್ನು ಗೋಡೆಯ ಮೇಲೆ ಗೆರೆ ಎಳೆದು ಗುರುತಿಸಿ, ಕೆಳಗಿನ ಮನೆಯವರಿಗೆ ಹೇಳಿ ಅವರ ಸೀಲಿಂಗ್ ನೋಡಿ ಬನ್ನಿ. ಅಲ್ಲಿ ಒಣಗಿದ್ದರೆ ಮಾತ್ರ ಭರ್ತಿ ಶುರು ಮಾಡಿಸಿ.